ವಸಂತಪುರದ ತಾರಸಿ ಮೇಲಿನ ಜಗಳ

(2025ರ ಜೂನ್ 2ರ ರಾತ್ರಿ ಪ್ರಸಾರವಾದ ಮಾತು)



ನಾಳೆ ಆರ್‌ಸಿಬಿ ಫೈನಲ್. 18ನೇ ಸೀಸನ್, ನಿಮ್ಮ ತಲೆ ತುಂಬ ಅದೇ ಇದೆ ಅಂತ ಗೊತ್ತು. ನನ್ನದೂ ಅಷ್ಟೇ. ಆದರೂ ಇವತ್ತು ಸ್ವಲ್ಪ ಹೊತ್ತು ಬೇರೆ ವಿಷಯ ಮಾತಾಡ್ತೀನಿ. ಇದೇ ಐಪಿಎಲ್ ಕಳೆದ ತಿಂಗಳು ನಿಂತುಹೋಗಿತ್ತಲ್ಲ, ಧರ್ಮಶಾಲಾದಲ್ಲಿ ಆಟದ ಮಧ್ಯದಲ್ಲೇ ದೀಪ ಆರಿಸಿ ಜನರನ್ನ ಹೊರಗೆ ಕಳಿಸಿದ್ರಲ್ಲ, ಆ ರಾತ್ರಿಯ ವಿಷಯ. ಮೇ 8, ಗುರುವಾರ.

ಅವತ್ತು ನಾನು ಇದೇ ಕುರ್ಚಿಯಲ್ಲಿದ್ದೆ. ಹಿಂದಿನ ದಿನ ಬೆಳಗಿನ ಜಾವ ನಮ್ಮ ಸೇನೆ ಆಪರೇಷನ್ ಸಿಂಧೂರದಲ್ಲಿ 9 ಕಡೆ ಹೊಡೆದಿತ್ತು. ಗುರುವಾರ ಸಂಜೆ ಜಮ್ಮು, ಪಠಾಣ್‌ಕೋಟ್ ಕಡೆ ಡ್ರೋನ್‌ಗಳು ಬಂದವು, ಊರೂರಿಗೇ ದೀಪ ಆರಿಸಿದ್ರು. ಅಲ್ಲಿವರೆಗೂ ಎಲ್ಲಾ ನಿಜ. ಆಮೇಲೆ ಕಿವಿಯಲ್ಲಿ ಒಳಗಿನಿಂದ ಧ್ವನಿ ಬಂತು: "ಕರಾಚಿ ಬಂದರು. ಫ್ಲ್ಯಾಶ್ ತಗೋ." ನಾನು ಮೈಕ್ ಆಫ್ ಮಾಡಿಸಿ "ಯಾರು ಹೇಳಿದ್ದು?" ಅಂತ ಕೇಳಿದೆ. "ಎಲ್ಲಾ ಚಾನೆಲ್‌ನಲ್ಲೂ ಇದೆ" ಅಂತ ಉತ್ತರ. ಇತ್ತು, ನಿಜ. ಎದುರಿನ ಗೋಡೆಯಲ್ಲಿ ಸಾಲಾಗಿರೋ ಪರದೆಗಳಲ್ಲಿ ನಾನೇ ನೋಡಿದೆ.

ಓದಿದೆ. ಕರಾಚಿ ಬಂದರು ಧ್ವಂಸ ಅಂತ ಓದಿದೆ. ಇನ್ನರ್ಧ ಗಂಟೆಗೆ, ನಮ್ಮ ಭೂಸೇನೆ ಗಡಿ ದಾಟಿದೆ ಎಂಬ ಮಾಹಿತಿ ಬರ್ತಿದೆ ಅಂತಲೂ ಓದಿದೆ. "ಎಂಬ ಮಾಹಿತಿ ಬರ್ತಿದೆ" ಅನ್ನೋ ಮೂರು ಪದ ಇದೆಯಲ್ಲ, ನಮ್ಮ ವೃತ್ತಿಯಲ್ಲಿ ಅದೊಂದು ರೇನ್‌ಕೋಟು. ಅದನ್ನ ಹಾಕ್ಕೊಂಡ್ರೆ ನಮ್ಮ ಮೈ ನೆನೆಯಲ್ಲ ಅನ್ಕೊಂಡಿದೀವಿ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಅಲ್ಲಿ ಎರಡನೇ ವರ್ಷದ ಹುಡುಗನಿಗೂ ಗೊತ್ತಿರೋ ವಿಷಯ ಇದು: ಮೂರು ಸೆನ್ಸರ್ ಒಂದೇ ಮಾತು ಹೇಳಿದ್ರೆ ನಂಬಬಹುದು, ಆದ್ರೆ ಮೂರಕ್ಕೂ ಒಂದೇ ತಂತಿಯಿಂದ ಸಿಗ್ನಲ್ ಬರ್ತಿದ್ರೆ ಅದು ಮೂರಲ್ಲ, ಒಂದೇ ಸೆನ್ಸರ್. ಹತ್ತು ಚಾನೆಲ್ ಒಬ್ಬರನ್ನೊಬ್ಬರು ನೋಡ್ಕೊಂಡು ಓದ್ತಿದ್ರೆ ಅದು ಹತ್ತು ಸುದ್ದಿಯಲ್ಲ. ಇದು ಗೊತ್ತಿದ್ದೂ ಓದಿದೆ.

ಮೇ 10, ಶನಿವಾರ ಸಂಜೆ ಕದನವಿರಾಮ ಆಯ್ತು. ಭಾನುವಾರ ನನಗೆ ರಜೆ ಸಿಕ್ತು. ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ, ಆದ್ರೆ ಮಲಗೋಕೂ ಆಗ್ಲಿಲ್ಲ. ವಸಂತಪುರಕ್ಕೆ ಹೋದೆ.

ನಾವು ಮೂರು ಜನ ಒಂದೇ ಬ್ಯಾಚು, ಒಂದೇ ಬೆಂಚು. ಒಬ್ಬ ಈಗ ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳಿಕೊಡ್ತಾನೆ. ಇನ್ನೊಬ್ಬ ಡ್ರೋನ್‌ಗಳಿಗೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡ್ತಾನೆ, ಆ ಡ್ರೋನ್‌ಗಳು ಸೇನೆಗೆ ಹೋಗುತ್ತವೆ. ಹೆಸರು ಬೇಡ. ಮೇಷ್ಟ್ರು, ಇಂಜಿನಿಯರ್ ಅಂತ ಕರೀತೀನಿ. ಮೂರನೆಯವನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದ, ಅವನ ಕಥೆ ನಿಮ್ಮ ಮುಂದೆಯೇ ಇದೆ.

ಮೇಷ್ಟ್ರ ಮನೆ ವಸಂತಪುರದಲ್ಲಿ, ವಸಂತ ವಲ್ಲಭರಾಯ ಸ್ವಾಮಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ದೂರ. ಅವರಪ್ಪ ಸೈಟು ತಗೊಂಡಾಗ ಸುತ್ತ ತೋಟ ಇತ್ತಂತೆ. ಈಗ ತಾರಸಿ ಹತ್ತಿದ್ರೆ ಒಂದು ಕಡೆ ವೈಕುಂಠ ಬೆಟ್ಟದ ದೇವಸ್ಥಾನ, ಇನ್ನೊಂದು ಕಡೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್‌ಗಳು. ಪರೀಕ್ಷೆ ಹಿಂದಿನ ರಾತ್ರಿಗಳನ್ನ ನಾವು ಮೂವರೂ ಅದೇ ತಾರಸಿ ಮೇಲೆ ಕಳೆದಿದ್ದು. ಅವನಮ್ಮ ರಾತ್ರಿ ಹನ್ನೊಂದಕ್ಕೆ ಉಪ್ಪಿಟ್ಟು ಕೆದಕಿ ಕೊಡ್ತಿದ್ರು. ನಾನು ಮನೆಮಗ ಇದ್ದ ಹಾಗೆ.

ಆ ಅಮ್ಮನಿಗೆ ಇನ್ನೊಬ್ಬ ಮಗ ಇದಾನೆ. ಸೇನೆಯಲ್ಲಿದಾನೆ, ಪೂಂಚ್ ಕಡೆ.

ಒಳಗೆ ಹೋದಾಗ ಅಮ್ಮ ಕಾಫಿ ತಂದು ಕೊಟ್ರು. ಕೊಟ್ಟು, ಎದುರಿಗೆ ಕೂತು, ತುಂಬ ಸಹಜವಾಗಿ ಕೇಳಿದ್ರು: "ಕರಾಚಿ ಪೂರ್ತಿ ಹೋಯ್ತೇನಪ್ಪಾ?"

ನಾನು ಏನು ಹೇಳ್ಲಿ? ಕಾಫಿ ಬಿಸಿ ಇದೆ ಅನ್ನೋ ಹಾಗೆ ಊದಿದೆ. "ಇನ್ನೂ ಸರಿಯಾಗಿ ಗೊತ್ತಾಗಿಲ್ಲಮ್ಮ" ಅಂದೆ. ಮೇಷ್ಟ್ರು ನನ್ನ ಮುಖ ನೋಡಿದ. ಏನೂ ಹೇಳ್ಲಿಲ್ಲ. "ಮೇಲೆ ಬಾ" ಅಂದ.

ಇಂಜಿನಿಯರ್ ಆಗಲೇ ಮೇಲೆ ಕೂತು ಮೊಬೈಲಲ್ಲಿ ಸೇನೆಯ ಪತ್ರಿಕಾಗೋಷ್ಠಿ ನೋಡ್ತಿದ್ದ. ಅವತ್ತು ಸಂಜೆ ಮೂರೂ ಪಡೆಗಳ ಹಿರಿಯ ಅಧಿಕಾರಿಗಳು ಒಟ್ಟಿಗೆ ಕೂತು ಮಾತಾಡಿದ್ದು ನಿಮಗೂ ನೆನಪಿರಬಹುದು. ನೌಕಾಪಡೆಯ ವೈಸ್ ಅಡ್ಮಿರಲ್ ಪ್ರಮೋದ್ ಅವರು ಹೇಳಿದ್ರು, ಕರಾಚಿ ಸೇರಿದಂತೆ ಆಯ್ದ ಗುರಿಗಳನ್ನ ನಾವು ಅಂದುಕೊಂಡ ಹೊತ್ತಿಗೆ ಹೊಡೆಯೋಕೆ ಪೂರ್ತಿ ಸಿದ್ಧವಾಗಿದ್ವಿ ಅಂತ.

"ಸಿದ್ಧವಾಗಿದ್ವಿ ಅಂತಿದಾರೆ" ಅಂದ ಮೇಷ್ಟ್ರು. "ಅಂದ್ರೆ ಹೊಡೆದಿರ್ಲಿಲ್ಲ. ಗುರುವಾರ ರಾತ್ರಿ ನೀನು ಸುಟ್ಟಿದ್ದು ಯಾವ ಕರಾಚಿನೋ?"

ಜಗಳ ಶುರುವಾಗಿದ್ದು ಹೀಗೆ. ವಿಚಿತ್ರ ಅಂದ್ರೆ ನಾನು ಬಾಯಿ ಬಿಡೋಕೆ ಮುಂಚೆ ಇಂಜಿನಿಯರ್ ನನ್ನ ಪರ ನಿಂತ. "ಮಗಾ, ಯುದ್ಧ ಇದು. ಮನೋಸ್ಥೈರ್ಯ ಅನ್ನೋದೂ ಒಂದು ಆಯುಧ. ಆ ಕಡೆಯ ಚಾನೆಲ್‌ಗಳು ಏನೇನು ಹೇಳ್ತಿದ್ವು ನೋಡಿದ್ಯಾ? ಅವರು ಸುಳ್ಳು ಹೇಳ್ತಿರ್ಬೇಕಾದ್ರೆ ನಾವು ಸತ್ಯಹರಿಶ್ಚಂದ್ರನ ಹಾಗೆ ಕೂರೋಕಾಗುತ್ತಾ? ಧರ್ಮರಾಯನೇ ಹೇಳಲಿಲ್ವಾ, ಅಶ್ವತ್ಥಾಮ ಸತ್ತ ಅಂತ."

ಧರ್ಮರಾಯನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ. ಅಲ್ಲಿವರೆಗೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡ್ತಿದ್ದ ಅವನ ರಥ, ಆ ಒಂದು ಮಾತಿಗೆ ನೆಲಕ್ಕೆ ತಾಗಿತು ಅಂತಾರೆ. ಮೇಷ್ಟ್ರು ಆ ರಥದ ವಿಷಯ ತೆಗೀತಾನೆ ಅನ್ಕೊಂಡೆ. ತೆಗೀಲಿಲ್ಲ.

"ಧರ್ಮರಾಯ ಸುಳ್ಳು ಹೇಳಿದ್ದು ದ್ರೋಣನಿಗೆ ಕಣೋ. ಎದುರು ನಿಂತು ಬಾಣ ಬಿಡ್ತಿದ್ದವನಿಗೆ. ಇವನು ಹೇಳಿದ್ದು ನಮ್ಮಮ್ಮನಿಗೆ. ಕರಾಚಿ ಸುಟ್ಟಿದೆಯೋ ಇಲ್ವೋ ಅನ್ನೋದು ಕರಾಚಿಯವನಿಗೆ ಕಿಟಕಿ ತೆಗೆದ್ರೆ ಗೊತ್ತಾಗುತ್ತೆ. ಪಾಕಿಸ್ತಾನದ ಸೇನೆಗಂತೂ ಗೊತ್ತೇ ಇರುತ್ತೆ. ಗೊತ್ತಾಗದೇ ಇರೋದು ವಸಂತಪುರದವರಿಗೆ ಮಾತ್ರ. ಹಾಗಾದ್ರೆ ಈ ಸುಳ್ಳಿನಿಂದ ಮೋಸ ಹೋದ ಶತ್ರು ಯಾರು?"

ಆಮೇಲೆ ಅವನು ಆ ರಾತ್ರಿಯದನ್ನ ಹೇಳಿದ. ಸೇನೆ ಗಡಿ ದಾಟಿದೆ ಅಂತ ನಾನು ಓದಿದಾಗ ಅಮ್ಮ ಟಿವಿ ಮುಂದೆ ಇದ್ರು. ಅವರು ಬೇರೆ ಚಾನೆಲ್ ನೋಡಲ್ಲ, ನಾನಿರ್ತೀನಿ ಅಂತ ಇದನ್ನೇ ಹಾಕ್ಕೊಳೋದು. ಸೇನೆ ಗಡಿ ದಾಟಿದೆ ಅಂದ್ರೆ ಆ ತಾಯಿಗೆ ಅರ್ಥ ಆಗಿದ್ದು ಒಂದೇ: ನನ್ನ ಮಗ ಗಡಿ ದಾಟಿದಾನೆ. ಚಿಕ್ಕವನಿಗೆ ಫೋನ್ ಮಾಡಿದ್ರು, ಸ್ವಿಚ್ ಆಫ್. ಅಂಥ ಹೊತ್ತಲ್ಲಿ ಅವರ ಫೋನ್ ಆಫ್ ಇರೋದು ಮಾಮೂಲು, ಆದ್ರೆ ತಾಯಿಗೆ ಯಾರು ಹೇಳ್ಬೇಕು. ದೇವರ ಮುಂದೆ ದೀಪ ಹಚ್ಚಿ ಕೂತವರು ಎದ್ದಿಲ್ಲ. ಊಟ ಇಲ್ಲ, ಬಿಪಿ ಮಾತ್ರೆ ಇಲ್ಲ. ನಡುರಾತ್ರಿ ದಾಟಿದ ಮೇಲೆ ಕೈ ನಡುಗೋಕೆ ಶುರುವಾಗಿ ಮೇಷ್ಟ್ರು ಆಸ್ಪತ್ರೆಗೆ ಕರ್ಕೊಂಡು ಹೋದ. ಬೆಳಗ್ಗೆ ಹತ್ತಕ್ಕೆ ಮಗನಿಂದ ಎರಡು ಪದದ ಮೆಸೇಜ್ ಬಂತು, "ಆರಾಮಿದೀನಿ ಅಮ್ಮ" ಅಂತ. ಅವನು ಎಲ್ಲೂ ದಾಟಿರ್ಲಿಲ್ಲ.

ಕೆಳಗೆ ಕಾಫಿ ಕೊಟ್ಟಾಗ ಅಮ್ಮ ಇದರಲ್ಲಿ ಒಂದು ಮಾತೂ ನನಗೆ ಹೇಳಿರಲಿಲ್ಲ.

ನನ್ನ ಕಥೆ ಅಲ್ಲಿಗೆ ಬಿಡಿ. ಅದೇ ಪೂಂಚ್‌ನಲ್ಲಿ ಮೇ 7ರಂದು ಇನ್ನೂ ದೊಡ್ಡ ಅನ್ಯಾಯ ಆಯ್ತು. ಪಾಕಿಸ್ತಾನದ ಶೆಲ್ ಬಿದ್ದು ಅಲ್ಲಿನ ಜನ ಸತ್ತರು, ಮಕ್ಕಳು ಸತ್ತರು. ಸತ್ತವರಲ್ಲಿ ಒಂದು ಮದರಸಾದ ಶಿಕ್ಷಕರಿದ್ದರು. ನಮ್ಮದೇ ದೇಶದ ಪ್ರಜೆ, ಶತ್ರುವಿನ ಶೆಲ್‌ಗೆ ಬಲಿಯಾದವರು. ನಮ್ಮದೇ ದೇಶದ ಕೆಲವು ಚಾನೆಲ್‌ಗಳು ಅವರ ಫೋಟೋ ಹಾಕಿ ಭಯೋತ್ಪಾದಕ ಹತ ಅಂದುಬಿಟ್ಟವು. ಅದು ಸುಳ್ಳು ಅಂತ ಪೂಂಚ್ ಪೊಲೀಸರೇ ಹೇಳಿಕೆ ಕೊಡಬೇಕಾಯ್ತು. ಆ ಮನೆಯವರ ಸ್ಥಿತಿ ಯೋಚನೆ ಮಾಡಿ. ಜೀವ ತೆಗೆದಿದ್ದು ಪಾಕಿಸ್ತಾನ. ಹೆಸರು ತೆಗೆದಿದ್ದು ನಾವು.

ಇಂಜಿನಿಯರ್‌ನನ್ನ ಖಳನಾಯಕ ಮಾಡೋಕೆ ನಾನಿಲ್ಲಿ ಕೂತಿಲ್ಲ. ಅವನ ಮಾತಲ್ಲೂ ತೂಕ ಇತ್ತು. "ಪಹಲ್ಗಾಮ್‌ನಲ್ಲಿ 26 ಜನರನ್ನ ಧರ್ಮ ಕೇಳಿ ಹೊಡೆದ್ರು. ಶಿವಮೊಗ್ಗದವರು ಹೋದ್ರು, ಬೆಂಗಳೂರಿನವರು ಹೋದ್ರು. ಅವತ್ತು ನಿನ್ನ ನೈತಿಕತೆ ಯಾರನ್ನ ಕಾಪಾಡ್ತು? ನಾನು ಮಾಡೋ ಬೋರ್ಡ್ ಕೆಲಸ ಮಾಡಿದ್ರೆ ಮುಂದಿನ 26 ಜನ ಉಳೀಬಹುದು. ಗುರಿ ತಪ್ಪದೇ ಹೋದ್ರೆ ಆ ಕಡೆಯ ಅಮಾಯಕನೂ ಉಳೀತಾನೆ. ನೀನು ಕ್ಲಾಸಲ್ಲಿ ನಿಂತು ಗಾಂಧಿ ಬಗ್ಗೆ ಮಾತಾಡೋಕಾಗೋದು ಗಡಿಯಲ್ಲಿ ನಿನ್ನ ತಮ್ಮ ನಿಂತಿದಾನೆ ಅಂತ." ಇದಕ್ಕೆ ಮೇಷ್ಟ್ರ ಹತ್ರ ಉತ್ತರ ಇರ್ಲಿಲ್ಲ. ನನ್ನ ಹತ್ರಾನೂ ಇಲ್ಲ.

ಮೇಷ್ಟ್ರು ಆಗ ಕೊಡಗಿಗೆ ಹೋದ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳ್ತೀನಿ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟವು. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿರಲಿಲ್ಲ, ಅವರು ಸ್ಟ್ಯಾಂಡ್‌ಬೈ. ಆದರೂ ಹಾರಿದರು. ವಾಪಸ್ ಬರಲಿಲ್ಲ. ನಮ್ಮ ದಾಖಲೆಯಲ್ಲಿ ನಾಪತ್ತೆ. ಅಷ್ಟೇ. ಏನಾಯ್ತು, ಹೇಗಾಯ್ತು, ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಹದಿನಾಲ್ಕು ವರ್ಷ ಕಳೀತು. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕರು ಆ ಯುದ್ಧದ ವೈಮಾನಿಕ ಕಾಳಗದ ಬಗ್ಗೆ ಪುಸ್ತಕ ಬರೆದರು, ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ. ಅದರಲ್ಲಿ ಒಂದು ಪ್ರಸಂಗ ಬರುತ್ತೆ. ಒಂದು ಭಾರತೀಯ ಮಿಸ್ಟೇರ್ ಪೆಟ್ಟು ತಿಂದ ಮೇಲೂ ತಿರುಗಿ ನಿಂತು, ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವನ್ನ ಹೊಡೆದುರುಳಿಸಿತು. ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ನಮ್ಮವರು ಲೆಕ್ಕ ಹಾಕಿ ನೋಡಿದ್ರು, ಅದು ದೇವಯ್ಯ ಅಲ್ಲದೆ ಬೇರೆ ಯಾರೂ ಆಗಿರೋಕೆ ಸಾಧ್ಯವಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷದ ಮೇಲೆ.

"ನಮ್ಮ ಕೊಡಗಿನ ವೀರನ ಸಾಹಸ ನಮಗೆ ಗೊತ್ತಾಗಿದ್ದು ಶತ್ರು ತನ್ನ ನಷ್ಟ ಒಪ್ಪಿಕೊಂಡಿದ್ದಕ್ಕೆ" ಅಂದ ಮೇಷ್ಟ್ರು. "ಅವರೂ ಕೊನೆಯವರೆಗೆ ಬುರುಡೆ ಬಿಟ್ಕೊಂಡೇ ಇದ್ದಿದ್ರೆ ದೇವಯ್ಯ ಇವತ್ತಿಗೂ ನಾಪತ್ತೆ."

ಇಂಜಿನಿಯರ್ ಬಿಡಲಿಲ್ಲ. "ಹದಿನಾಲ್ಕು ವರ್ಷ ಆದಮೇಲೆ ಒಪ್ಕೊಂಡ್ರು ಗುರು. ಯುದ್ಧದ ಮಧ್ಯ ಮೈಕ್ ಹಿಡಿದು ಹೇಳಲಿಲ್ಲ. ಈಗ ಮೊಬೈಲಲ್ಲಿ ನೋಡಿದ್ವಲ್ಲ, ಏರ್ ಮಾರ್ಷಲ್ ಭಾರ್ತಿ ಅವರನ್ನ ನಮ್ಮ ವಿಮಾನ ಎಷ್ಟು ಹೋದ್ವು ಅಂತ ಕೇಳಿದ್ರೆ ಏನಂದ್ರು? ಕದನ ಅಂದಮೇಲೆ ನಷ್ಟ ಇದ್ದಿದ್ದೇ ಅಂದ್ರು, ಲೆಕ್ಕ ಕೊಡಲಿಲ್ಲ. ಅದೂ ಸುಳ್ಳಾ ಹಾಗಾದ್ರೆ?"

"ಅಲ್ಲ" ಅಂದ ಮೇಷ್ಟ್ರು. "ಅವರು ಸುಮ್ಮನಿದ್ರು. ಇವನು ಸುಮ್ಮನಿರಲಿಲ್ಲ." ಆಮೇಲೆ ಒಂದು ಕ್ಷಣ ತಡೆದು ಕೇಳಿದ: "ಸರಿ, ನೀನು ಟೆಸ್ಟ್ ಮಾಡದೇ ಒಂದು ಬೋರ್ಡ್ ಕಳಿಸ್ತೀಯಾ?"

"ಹುಚ್ಚಾ ನಿಂಗೆ?"

"ಯಾಕೆ ಕಳಿಸಲ್ಲ?"

"ಕೈ ಕೊಟ್ರೆ ನಮ್ಮವರ ಮೇಲೇ ಬೀಳುತ್ತೆ."

"ಇವನದ್ದು ಬಿತ್ತು ನೋಡು."

ಇಂಜಿನಿಯರ್‌ಗೆ ಸಿಟ್ಟು ಬಂತು. ಸೋತಿದ್ದಕ್ಕಲ್ಲ, ಅವನು ಅಂಥವನಲ್ಲ. ಮೇಷ್ಟ್ರು ಎಲ್ಲದರಲ್ಲೂ ತಾನೇ ಸರಿ ಅನ್ನೋ ಹಾಗೆ ಮಾತಾಡಿದ್ದಕ್ಕೆ ಅನ್ನಿಸುತ್ತೆ. ಕೊಡಗಿನ ಕಥೆ ಹೇಳಿದ್ಯಲ್ಲ, ನಾನೂ ಒಂದು ಹೇಳ್ತೀನಿ ಅಂದ. ಕಾರ್ಯಪ್ಪನವರ ಕಥೆ.

ಅದೇ 1965, ಸೆಪ್ಟೆಂಬರ್ 22. ಕದನವಿರಾಮಕ್ಕೆ ಇನ್ನು ಗಂಟೆಗಳಷ್ಟೇ ಬಾಕಿ. ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಬಿತ್ತು, ಅವರು ಸೆರೆಯಾದರು. ಕಾರ್ಯಪ್ಪ ಅನ್ನೋ ಹೆಸರು ಕೇಳಿದ ಕೂಡಲೇ ಅಲ್ಲಿ ಗೊತ್ತಾಗಿಹೋಯ್ತು, ಇವರು ಭಾರತದ ಮೊದಲ ಭಾರತೀಯ ಮಹಾದಂಡನಾಯಕ ಕೊಡಂದೇರ ಕಾರ್ಯಪ್ಪನವರ ಮಗ ಅಂತ. ಆಗ ಪಾಕಿಸ್ತಾನದ ಅಧ್ಯಕ್ಷರು ಅಯೂಬ್ ಖಾನ್. ವಿಭಜನೆಗೆ ಮುಂಚೆ ಕಾರ್ಯಪ್ಪನವರೂ ಅಯೂಬರೂ ಒಂದೇ ಸೇನೆಯವರು, ಹಳೇ ಪರಿಚಯ, ಸ್ನೇಹ. ದೆಹಲಿಯಲ್ಲಿದ್ದ ತಮ್ಮ ರಾಯಭಾರಿಯ ಮೂಲಕ ಅಯೂಬ್ ಹೇಳಿಕಳಿಸಿದರು: ನಿಮ್ಮ ಮಗನನ್ನ ಬಿಟ್ಟುಬಿಡ್ತೀನಿ.

ನಿವೃತ್ತರಾಗಿ ಮಡಿಕೇರಿಯಲ್ಲಿದ್ದ ಕಾರ್ಯಪ್ಪ ಬೇಡ ಅಂದರು. ಸೆರೆಯಲ್ಲಿರೋ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡೋದಾದ್ರೆ ಎಲ್ಲರನ್ನೂ ಬಿಡಿ, ಅವನಿಗೆ ಅಂತ ವಿಶೇಷ ಏನೂ ಬೇಡ ಅನ್ನೋ ಅರ್ಥದ ಉತ್ತರ. ಅಯೂಬರ ಮನೆಯವರು ಸೆರೆಯಲ್ಲಿದ್ದ ನಂದಾ ಅವರನ್ನ ನೋಡೋಕೆ ಬಂದು ಸಿಗರೇಟು, ಒಂದು ವುಡ್‌ಹೌಸ್ ಕಾದಂಬರಿ ಕೊಟ್ಟು ಹೋದರಂತೆ, ನಂದಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸ್ನೇಹ ಅಷ್ಟಕ್ಕೆ ನಿಂತಿತು. ಬಿಡುಗಡೆ ಆಗಿದ್ದು 1966ರ ಜನವರಿಯಲ್ಲಿ, ಉಳಿದವರ ಹಾಗೇ.

ನಾವೆಲ್ಲ ಶಾಲೆಯಲ್ಲಿ ಈ ಕಥೆ ಕೇಳಿ ಚಪ್ಪಾಳೆ ಹೊಡೆದವರೇ. ಇಂಜಿನಿಯರ್ ಚಪ್ಪಾಳೆ ಹೊಡೆಯಲಿಲ್ಲ, ಪ್ರಶ್ನೆ ಕೇಳಿದ. "ಇದು ನೀತಿನೋ, ಲೆಕ್ಕಾಚಾರನೋ? ಕಾರ್ಯಪ್ಪ ಹೂಂ ಅಂದಿದ್ರೆ ಮಾರನೇ ದಿನ ಪ್ರತಿಯೊಬ್ಬ ಜವಾನನ ತಾಯಿ ಕೇಳ್ತಿದ್ಲು, ನನ್ನ ಮಗ ಯಾವಾಗ ಬರ್ತಾನೆ ಅಂತ. ಸೇನೆ ಒಳಗೇ ಒಡೀತಿತ್ತು. ಅವರು ಸೇನಾಪತಿ, ಅದು ಅವರಿಗೆ ಗೊತ್ತಿತ್ತು. ಇನ್ನೊಂದು ಹೇಳು. 1999ರ ಡಿಸೆಂಬರ್‌ನಲ್ಲಿ ಕಂದಹಾರ್ ವಿಮಾನ ಅಪಹರಣ ಆದಾಗ, ಪ್ರಯಾಣಿಕರ ಮನೆಯವರ ಕಣ್ಣೀರಿಗೆ ಕರಗಿ ಮಸೂದ್ ಅಜರ್‌ನ ಬಿಟ್ರಲ್ಲ, ಅದು ನೀತಿನೋ ಲೆಕ್ಕಾಚಾರನೋ? ಅವನು ಆಚೆ ಹೋಗಿ ಜೈಷ್ ಕಟ್ಟಿದ. 25 ವರ್ಷದ ಮೇಲೆ ಮೊನ್ನೆ ನಾವು ಬಹಾವಲ್‌ಪುರದಲ್ಲಿ ಹೊಡೆದಿದ್ದು ಯಾರ ಗೂಡಿಗೆ?"

ಆಮೇಲೆ ಕೇಳಬಾರದ್ದನ್ನ ಕೇಳಿದ. "ನಿನ್ನ ತಮ್ಮ ನಾಳೆ ಸಿಕ್ಕಿಬಿದ್ರೆ, ನಿನಗೆ ಫೋನ್ ಬಂದ್ರೆ, ಬಿಡ್ತೀವಿ ಕರ್ಕೊಂಡು ಹೋಗು ಅಂದ್ರೆ, ಬೇಡ ಅಂತೀಯಾ?"

ಮೇಷ್ಟ್ರು ತುಂಬ ಹೊತ್ತು ಮಾತಾಡಲಿಲ್ಲ. ದೇವಸ್ಥಾನದ ಕಡೆ ನೋಡ್ತಾ ಇದ್ದ. "ಇಲ್ಲ" ಅಂದ. "ಓಡಿಹೋಗಿ ಕರ್ಕೊಂಡು ಬರ್ತೀನಿ."

"ಮತ್ತೆ ನನಗ್ಯಾಕೆ ಪಾಠ ಹೇಳ್ತೀಯಾ?" ಅಂದವನೇ ಇಂಜಿನಿಯರ್ ಎದ್ದ. ಹೆಲ್ಮೆಟ್ ತಗೊಂಡ. ಮೆಟ್ಟಿಲು ಇಳೀತಾ ಒಂದೇ ಮಾತು ಹೇಳಿದ, ಯಾರಿಗೆ ಹೇಳಿದ್ನೋ ಗೊತ್ತಿಲ್ಲ. "ನನ್ನ ಬೋರ್ಡ್ ಎಲ್ಲಿ ಬಿತ್ತು, ಯಾರ ಮೇಲೆ ಬಿತ್ತು, ನನಗೆ ಯಾರೂ ಹೇಳಲ್ಲ. ನಾನೂ ಮಲಗಿಲ್ಲ ಕಣ್ರೋ." ಕೆಳಗೆ ಅಮ್ಮ ಊಟ ಮಾಡ್ಕೊಂಡು ಹೋಗೋ ಅಂತ ಕೂಗಿದ್ದು ಕೇಳಿಸ್ತು. ಗಾಡಿ ಸ್ಟಾರ್ಟ್ ಆಗಿದ್ದೂ ಕೇಳಿಸ್ತು.

ಮೂರು ವಾರ ಆಯ್ತು. ನನಗನ್ನಿಸಿದ್ದು ಇಷ್ಟು. ಇಂಜಿನಿಯರ್ ಹೇಳಿದ್ದರಲ್ಲಿ ಒಂದು ಮಾತು ನೂರಕ್ಕೆ ನೂರು ಸರಿ: ಯುದ್ಧದಲ್ಲಿ ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ಸೇನೆಯ ಚಲನವಲನ ನೇರಪ್ರಸಾರ ಮಾಡ್ಬೇಡಿ ಅಂತ ಸರ್ಕಾರ ಏಪ್ರಿಲ್‌ನಲ್ಲೇ ನಮಗೆ ಸೂಚನೆ ಕೊಟ್ಟಿತ್ತು, ಅದು ನ್ಯಾಯವಾದದ್ದೇ. ಆದ್ರೆ ನಾವು ಮಾಡಿದ್ದು ಗುಟ್ಟು ಕಾಪಾಡೋ ಕೆಲಸ ಅಲ್ಲ. ಸುದ್ದಿಯ ಹಿಂದೆ ಸೈರನ್ ಬೇರೆ ಬಾರಿಸಿದ್ವಿ. ವಾಯುದಾಳಿಯ ಸೈರನ್ ಶಬ್ದವನ್ನ ಟಿವಿ ಕಾರ್ಯಕ್ರಮಗಳಲ್ಲಿ ಬಳಸಬೇಡಿ, ನಿಜವಾದ ಸೈರನ್ ಆದಾಗ ಜನ ಏಳೋದಿಲ್ಲ ಅಂತ ಮೇ 10ರಂದು ಕೇಂದ್ರ ಗೃಹ ಇಲಾಖೆ ನಮಗೆ ಹೇಳಿಕೊಡಬೇಕಾಯ್ತು. ಇದರಲ್ಲಿ ನೀತಿ ಹಾಗಿರಲಿ, ವ್ಯವಹಾರ ಜ್ಞಾನವಾದ್ರೂ ಎಲ್ಲಿದೆ?

ಮೊನ್ನೆ ಶನಿವಾರ, ಮೇ 31ರಂದು ಸಿಂಗಾಪುರದಲ್ಲಿ ನಮ್ಮ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ವಿಮಾನಗಳನ್ನ ಕಳೆದುಕೊಂಡಿದ್ದು ನಿಜ ಅಂದ್ರು. ಪಾಕಿಸ್ತಾನ ಹೇಳೋ ಆರರ ಲೆಕ್ಕ ಸುಳ್ಳು ಅಂದ್ರು. ಯಾಕೆ ಬಿದ್ವು ಅನ್ನೋದು ಮುಖ್ಯ, ತಪ್ಪು ಹುಡುಕಿ ತಿದ್ದಿಕೊಂಡು ಮತ್ತೆ ಹಾರಿದ್ವಿ ಅಂದ್ರು. ಮೂರು ವಾರ ಸುಮ್ಮನಿದ್ದು, ಸಮಯ ಬಂದಾಗ ಹೇಳಿದ್ರು. ಯುದ್ಧ ಮಾಡಿದವರಿಗೇ ಇಷ್ಟು ಸಾಧ್ಯ ಆಯ್ತು. ಎಸಿ ಸ್ಟುಡಿಯೋದಲ್ಲಿ ಕೂತ ನನಗೆ ಒಂದು ರಾತ್ರಿ ಸುಮ್ಮನಿರೋಕೆ ಆಗ್ಲಿಲ್ಲ.

ಅದಕ್ಕೇ ಇವತ್ತು ಈ ಕೆಲಸ ಮುಗಿಸ್ತೀನಿ. ಮೇ 8ರ ರಾತ್ರಿ ಕರಾಚಿ ಬಂದರು ಧ್ವಂಸವಾಗಿದೆ ಅಂತ ನಾನು ಓದಿದ್ದು ಸುಳ್ಳು. ನಮ್ಮ ಭೂಸೇನೆ ಗಡಿ ದಾಟಿದೆ ಎಂಬ ಮಾಹಿತಿ ಬರ್ತಿದೆ ಅಂತ ಓದಿದ್ದೂ ಸುಳ್ಳು, ಅಂಥ ಮಾಹಿತಿ ಎಲ್ಲಿಂದಲೂ ಬಂದಿರಲಿಲ್ಲ. ಅವತ್ತೇ ತಿದ್ದುಪಡಿ ಹಾಕಬೇಕಿತ್ತು, ಹಾಕಲಿಲ್ಲ. ಆ ರಾತ್ರಿ ಇದನ್ನ ನಂಬಿ ಯಾರ ಮನೆಯಲ್ಲಿ ಯಾರು ಎದ್ದು ಕೂತಿದ್ರೋ, ಅವರೆಲ್ಲರ ಕ್ಷಮೆ ಕೇಳ್ತೀನಿ.

ಅಮ್ಮಾ, ನೀವು ನೋಡ್ತಿದೀರಾ ಅಂತ ಗೊತ್ತು. ಕರಾಚಿ ಅಲ್ಲೇ ಇದೆ.

ಇಂಜಿನಿಯರ್ ಇನ್ನೂ ನಮ್ಮಿಬ್ಬರ ಫೋನ್ ಎತ್ತಿಲ್ಲ. ಮಗಾ, ನಾಳೆ ಮ್ಯಾಚ್ ವಸಂತಪುರದಲ್ಲೇ ನೋಡೋಣ ಅಂತ ಮೇಷ್ಟ್ರು ಹೇಳ್ತಿದಾನೆ. ನನಗೆ ನಾಳೆ ಡ್ಯೂಟಿ ಇದೆ, ಬರೋದು ತಡ ಆಗುತ್ತೆ. ನೀನು ಹೋಗು.

ಒಂದು ಚಿಕ್ಕ ವಿರಾಮ. ಆಮೇಲೆ ಅಹಮದಾಬಾದ್‌ನಿಂದ ನಮ್ಮ ವರದಿಗಾರರು ಇರ್ತಾರೆ.